ಸುಗುಣಾಳ ಮೇಜಿನ ಮುಂದಿನ ಸಾಲು

ನಮ್ಮ ನಾರಾಯಣಪೇಟೆಯ ಕ್ರೈಸ್ತ ಸಭೆಯಲ್ಲಿ ಈ ವರ್ಷ ನಾಲ್ಕೈದು ಮಕ್ಕಳಿಗೆ ದವಾಖಾನೆಯ ಕೆಲಸ ಸಿಕ್ಕಿತು. ಒಬ್ಬಳು ನರ್ಸು, ಒಬ್ಬ ಲ್ಯಾಬಿನವನು, ಉಳಿದವರು ಕಣ್ಣಿನ ವಿಭಾಗದವರು. ಅವರಿಗೆ ನಾಲ್ಕು ಮಾತು ಹೇಳಿ ಕಳಿಸಬೇಕೆಂದು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಕೂಟ ಇಟ್ಟರು. ಮಾತನಾಡಲು ಸುಗುಣಾಳನ್ನು ಕರೆದರು. ನನಗೆ, "ಲಿಡಿಯಮ್ಮಾರ, ನೀವು ಬರದು ಕೊಡ್ರಿ, ನಿಮ್ಮ ಅಕ್ಷರ ಚಂದ ಅದಾವು" ಎಂದರು. ಅಂದರೆ ಎಲ್ಲರೂ ಕೂತು ಕೇಳಬೇಕಾದದ್ದು ಅವಳ ಮಾತು, ನನ್ನದನ್ನು ಬೇಕಾದವರು ಓದಿಕೊಳ್ಳಲಿ. ನಮ್ಮಿಬ್ಬರ ಇಡೀ ನೌಕರಿ ಹೀಗೇ ನಡೆದದ್ದು.

ಸೇವೆಯ ಬಗ್ಗೆ ನಿಮಗೆ ಹೇಳುವವರು ಬಹಳ ಜನ ಇದ್ದಾರೆ. ಸೇವೆ ಮಾಡುವವರ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ನನ್ನ ಹೊಟ್ಟೆಯಲ್ಲಿ ಇದ್ದದ್ದು ಕಿಚ್ಚು. ಅದನ್ನು ಬಿಟ್ಟು ನನ್ನ ಕೆಲಸದ ಕಥೆ ಹೇಳಲು ನನಗೆ ಬರುವುದಿಲ್ಲ.

ನಾನೂ ಸುಗುಣಾಳೂ ಮಕ್ತಲ್‌ನವರು. ಒಂದೇ ಸಭೆ, ಒಂದೇ ಓಣಿ. ನಾನು ಅವಳಿಗಿಂತ ಸ್ವಲ್ಪ ದೊಡ್ಡವಳು. ಅವಳು ಮೊದಲಿನಿಂದಲೂ ನನಗೆ "ಲಿಡಿಯಕ್ಕಾ" ಅನ್ನುತ್ತಿದ್ದಳು. ಹೈದರಾಬಾದಿನಲ್ಲಿ ಒಟ್ಟಿಗೆ ತರಬೇತಿ ಪಡೆದೆವು. ನಮ್ಮ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ. ಊರಿನ ಮಂದಿ "ಕಣ್ಣಿನಮ್ಮ" ಅನ್ನುತ್ತಾರೆ. ಆಪರೇಷನ್ ಮಾಡುವುದು ಡಾಕ್ಟರು. ಅದರ ಹಿಂದಿನದೂ ಮುಂದಿನದೂ ಎಲ್ಲ ನಮ್ಮದು. ದೃಷ್ಟಿ ಅಳೆಯಬೇಕು, ಚಾಳೀಸಿನ, ಅಂದರೆ ಕನ್ನಡಕದ, ನಂಬರು ತೆಗೆಯಬೇಕು, ಪೊರೆ ಬಂದವರನ್ನು ಗುರುತಿಸಬೇಕು, ಕಣ್ಣಿನ ಒತ್ತಡ ನೋಡಬೇಕು, ಶಾಲೆಗಳಿಗೆ ಹೋಗಿ ಹುಡುಗರ ಕಣ್ಣು ಪರೀಕ್ಷಿಸಬೇಕು. ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಕೂತು ಇನ್ನೊಬ್ಬರ ಕಣ್ಣಿನೊಳಗೆ ಬೆಳಕು ಬಿಡುವ ಕೆಲಸ.

ನಮ್ಮ ಕಾಲದಲ್ಲಿ ನಂಬರು ತೆಗೆಯುವ ಯಂತ್ರ ಇರಲಿಲ್ಲ. ರೆಟಿನೋಸ್ಕೋಪ್ ಎಂಬ ಕೈದೀಪದಿಂದ ಕಣ್ಣಿಗೆ ಬೆಳಕಿನ ಗೆರೆ ಬಿಟ್ಟು, ಒಳಗಿನ ಹೊಳಪು ಯಾವ ಕಡೆಗೆ ಸರಿಯುತ್ತದೆ ಎಂದು ನೋಡಿ, ಒಂದೊಂದೇ ಗಾಜು ಬದಲಿಸುತ್ತ ಹೋಗಬೇಕು. ಕೈ ಅಲುಗಬಾರದು. ತರಬೇತಿಯಲ್ಲಿ ಇದರಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಸುಗುಣಾ ನಿಧಾನ. ರೋಗಿಯ ಮನೆ ಎಲ್ಲಿ, ಮಗಳನ್ನು ಎಲ್ಲಿ ಕೊಟ್ಟಿದ್ದಾರೆ, ಊಟ ಆಯಿತೇ ಎಂದು ಕೇಳುತ್ತ ಕೂಡುತ್ತಿದ್ದಳು. ನಮಗೆ ಕಲಿಸುವವರು ಒಂದು ದಿನ ಎಲ್ಲರೆದುರಿಗೆ, "ಮಾತು ನಿಲ್ಲಿಸಿ ಕಣ್ಣು ನೋಡಮ್ಮಾ" ಎಂದು ಅವಳಿಗೆ ಗದರಿದರು. ಆ ದಿನ ನನಗೆ ಬಹಳ ಹಿತವಾಗಿತ್ತು.

ಕೆಲಸಕ್ಕೆ ಸೇರಿದಾಗ ನನಗೆ ಮೊದಲು ಮಕ್ತಲ್, ಆಮೇಲೆ ನಾರಾಯಣಪೇಟೆ ಸಿಕ್ಕಿತು. ಅವಳಿಗೆ ಗದ್ವಾಲ. ನಡುವೆ ಕೃಷ್ಣಾ ನದಿ. ಇನ್ನು ಅವಳ ಜೊತೆ ಹೋಲಿಸುವವರು ಇಲ್ಲ ಎಂದುಕೊಂಡೆ.

ಮಕ್ತಲ್‌ನ ದಿನಗಳಲ್ಲಿ ಪೊರೆ ತೆಗೆದರೆ ಒಳಗೆ ಮಸೂರ ಹಾಕುತ್ತಿರಲಿಲ್ಲ. ಹೊರಗಿನಿಂದ ಗಾಜಿನ ಬಟ್ಟಲಿನ ತಳದಷ್ಟು ದಪ್ಪನೆಯ ಚಾಳೀಸು ಕೊಡುತ್ತಿದ್ದೆವು. ಅದನ್ನು ಹಾಕಿಕೊಂಡವರಿಗೆ ಎಲ್ಲ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿತ್ತು. ಹಾಗೆ ಚಾಳೀಸು ಹಾಕಿಸಿಕೊಂಡ ಒಬ್ಬ ರೈತ ದವಾಖಾನೆಯ ಮೆಟ್ಟಿಲು ಹತ್ತಿರವೇ ಇದೆ ಎಂದುಕೊಂಡು ಕಾಲಿಟ್ಟು ಮುಗ್ಗರಿಸಿ ಬಿದ್ದ. ಹಲ್ಲು ಮುರಿಯಿತು. ಅಂದಿನಿಂದ ನಾನು ಚಾಳೀಸು ಕೊಟ್ಟವರನ್ನು ಕೈಹಿಡಿದು ಅಂಗಳದಲ್ಲಿ ನಡೆಸಿ, ಮೆಟ್ಟಿಲು ಹತ್ತಿಸಿ ಇಳಿಸಿದ ಮೇಲೆಯೇ ಕಳಿಸುತ್ತಿದ್ದೆ. ಈಗ ಆ ಚಾಳೀಸುಗಳೂ ಇಲ್ಲ, ಬೀಳುವವರೂ ಇಲ್ಲ. ಆದರೆ ಕೊಟ್ಟು ಕಳಿಸಿದರೆ ನಮ್ಮ ಕೆಲಸ ಮುಗಿಯುವುದಿಲ್ಲ ಎಂಬುದು ಈಗಲೂ ಅಷ್ಟೇ ನಿಜ.

ನಾರಾಯಣಪೇಟೆಗೆ ಬಂದ ಮೇಲೆ ನನ್ನ ಮುಂದೆ ಕೂತವರಲ್ಲಿ ಅರ್ಧ ಮಂದಿ ನೇಕಾರರು. ನಲವತ್ತು ದಾಟಿದರೆ ಹತ್ತಿರದ್ದು ಮಸುಕಾಗುತ್ತದೆ. ಬೇರೆಯವರಿಗೆ ಅದರಿಂದ ತೊಂದರೆ ಅಷ್ಟೇ, ಇವರಿಗೆ ಅನ್ನಕ್ಕೇ ಕುತ್ತು. ದಾರ ಕಡಿದದ್ದು ಕಾಣದಿದ್ದರೆ ಸೀರೆಯಲ್ಲಿ ಗೆರೆ ಬೀಳುತ್ತದೆ. ಅಂಬವ್ವ ಎಂಬ ನೇಕಾರ ಹೆಂಗಸು ಬಂದಳು. ಪುಸ್ತಕದಲ್ಲಿ ಕಲಿಸಿದ ಹಾಗೆ ಓದುವ ದೂರಕ್ಕೆ ಅಳೆದು ನಂಬರು ಕೊಟ್ಟೆ. ವಾರದೊಳಗೆ ತಿರುಗಿ ಬಂದಳು.

"ಈ ಚಾಳೀಸು ಹಾಕ್ಕೊಂಡ್ರ ಕೈಯಾಗಿಂದು ಕಾಣ್ತೈತ್ರಿ. ಮಗ್ಗದಾಗಿಂದು ಕಾಣವಲ್ದು. ತಲಿ ಸಿಡಿತೈತಿ."

"ನಂಬರ್ ಸರಿ ಐತಿ ಅಂಬವ್ವಾ. ರೂಢಿ ಆಗ್ಲಿ."

ರೂಢಿ ಆಗಲಿಲ್ಲ. ಕೆಲವು ತಿಂಗಳ ಮೇಲೆ ಅವಳನ್ನು ಸಂತೆಯಲ್ಲಿ ಕಂಡೆ. ಮೂಗಿನ ಮೇಲೆ ಬೇರೆ ಚಾಳೀಸು.

"ಎಲ್ಲಿ ಮಾಡಿಸಿದಿ?"

"ಗದ್ವಾಲದಾಗ ಸುಗುಣಮ್ಮ ಅಂತ ಅದಾರ್ರಿ. ನಮ್ಮ ಅಕ್ಕನ ಮನಿಗೆ ಹೋಗಿದ್ದೆ. ಅವ್ರು ಮನಿಗೇ ಬಂದ್ರು. ಅಕ್ಕನ ಮಗ್ಗ ನಮ್ಮದರಂಗ ಐತಿ, ಅದರ ಮುಂದ ನನ್ನ ಕುಂದರ್ಸಿ, ಕಣ್ಣಿಂದ ದಾರದ ತನಕ ಅಳದು ನೋಡಿದ್ರು. ಈಗ ಎಲ್ಲಾ ಚಲೋ ಕಾಣ್ತೈತಿ ನೋಡ್ರಿ." ನನ್ನ ಮನಸ್ಸಿಗೆ ನೋವಾದೀತು ಎಂಬ ಯೋಚನೆಯೇ ಅವಳಿಗಿರಲಿಲ್ಲ. ಅವಳ ಓಣಿಯ ಬೇರೆ ನೇಕಾರರೂ ಮುಂದಿನ ವಾರ ಗದ್ವಾಲಕ್ಕೆ ಹೊರಟಿದ್ದಾರೆ ಎಂಬ ಸುದ್ದಿಯನ್ನೂ ಸೇರಿಸಿದಳು.

ನಮ್ಮೂರಿನ ನೇಕಾರರು ನದಿ ದಾಟಿ, ಬಸ್ಸು ಬದಲಿಸಿ, ಅವಳ ಹತ್ತಿರ ಹೋಗಿ ಚಾಳೀಸು ಮಾಡಿಸಿಕೊಳ್ಳುವುದೆಂದರೆ! ಊಟ ರುಚಿಸಲಿಲ್ಲ. ಕಡೆಗೆ ಒಂದು ರಜೆಯ ದಿನ ನಾನೇ ಗದ್ವಾಲದ ಬಸ್ಸು ಹತ್ತಿದೆ. ಕೇಳಲೆಂದಲ್ಲ, ಹಾಗೇ ಬಂದೆ ಎಂಬಂತೆ. ಅವಳು ನನ್ನನ್ನು ಕಂಡು ಬಾಗಿಲಿಗೇ ಓಡಿ ಬಂದಳು.

"ಅಯ್ಯ, ಲಿಡಿಯಕ್ಕಾ! ಬರ್ರಿ, ಬರ್ರಿ. ನೀವು ಬರ್ತೀರಂದ್ರ ನಾನೇ ಸ್ಟ್ಯಾಂಡಿಗೆ ಬರ್ತಿದ್ದೆ."

ಏನನ್ನೂ ಮುಚ್ಚಿಡಲಿಲ್ಲ. ಊಟ ಬಡಿಸಿ, ಅಲ್ಲಿಯ ನೇಕಾರರ ಓಣಿಗೆ ಕರೆದುಕೊಂಡು ಹೋದಳು. ಕುಣಿಯಲ್ಲಿ ಕಾಲಿಳಿಸಿ ಮಗ್ಗದ ಮುಂದೆ ಕೂತವನ ಕಣ್ಣಿಗೂ ದಾರಕ್ಕೂ ಇರುವ ದೂರ ತೋರಿಸಿದಳು. ಪುಸ್ತಕ ಹಿಡಿಯುವ ದೂರಕ್ಕಿಂತ ಅದು ಬಹಳ ಹೆಚ್ಚು. ಒಬ್ಬೊಬ್ಬರ ಮಗ್ಗಕ್ಕೆ ಒಂದೊಂದು ದೂರ.

"ನಮಗ ಕಲಿಸಿದ್ದು ಓದೋರ ಅಳತಿ ಅಕ್ಕಾ. ಇವ್ರು ಓದಂಗಿಲ್ಲ, ನೇಯ್ತಾರ" ಎಂದಳು.

ನಾನು ಮೊದಲನೆಯವಳಾಗಿ ಪಾಸಾದವಳು. ಇದು ನನಗೆ ಯಾಕೆ ಹೊಳೆಯಲಿಲ್ಲ? ಅವಳು ಸ್ವಲ್ಪವಾದರೂ ಬಿಗುಮಾನ ತೋರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತಿರುಗಿ ಬರುವಾಗ ಬುತ್ತಿ ಕಟ್ಟಿ ಕೊಟ್ಟಳು. ಬಸ್ಸಿನಲ್ಲಿ ಆ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ನನಗೆ ಅಳು ಬಂತು. ಅದು ಪ್ರೀತಿಯ ಅಳು ಅಲ್ಲ.

ಅವಳ ವಿದ್ಯೆಯನ್ನು ಕಲಿತೆ, ಆದರೆ ಅಲ್ಲಿಗೇ ನಿಲ್ಲಲಿಲ್ಲ. ನಮ್ಮ ನೇಕಾರರಲ್ಲಿ ಅಕ್ಷರ ಬಾರದವರು ಬಹಳ. ಅಕ್ಷರದ ಹಲಗೆ ತೋರಿಸಿದರೆ ನಾಚಿ, ಏನೋ ಒಂದು ಹೇಳುತ್ತಿದ್ದರು. ನಾನು ಒಂದು ರಟ್ಟಿನ ಮೇಲೆ ರೇಷ್ಮೆ ದಾರಗಳನ್ನು ಬಿಗಿದು ಕಟ್ಟಿದೆ. ಕೆಂಪಿನ ಪಕ್ಕ ದಾಳಿಂಬೆ ಬಣ್ಣ, ಕಪ್ಪಿನ ಪಕ್ಕ ಕಡು ನೀಲಿ, ನಡುನಡುವೆ ಕಡಿದ ಎಳೆ. ಕಡಿದದ್ದು ಯಾವುದು ಎಂದು ಕೇಳಿದರೆ ಮುದುಕರೂ ಹುರುಪಿನಿಂದ ಬಗ್ಗಿ ನೋಡುತ್ತಿದ್ದರು. ಅದು ಪೂರ್ತಿ ನನ್ನ ಕಲ್ಪನೆ. ಸುಗುಣಾ ಅದನ್ನು ನೋಡಿ ಚಪ್ಪಾಳೆ ತಟ್ಟಿದಳು, ತನಗೂ ಒಂದು ಮಾಡಿ ಕೊಡಿರೆಂದಳು. ಮಾಡಿ ಕೊಟ್ಟೆ.

ಸ್ವಲ್ಪ ಕಾಲದ ನಂತರ ಮೇಲಿನಿಂದ ಒಬ್ಬ ಅಧಿಕಾರಿ ನಮ್ಮ ದವಾಖಾನೆ ನೋಡಲು ಬಂದರು. ನನ್ನ ಮೇಜಿನ ಮೇಲಿನ ರಟ್ಟು ನೋಡಿ, "ಓ, ಗದ್ವಾಲದ ಸುಗುಣಮ್ಮನ ದಾರದ ಹಲಗೆ ಇಲ್ಲಿಗೂ ಬಂದಿದೆಯಾ? ಒಳ್ಳೇದು, ಒಳ್ಳೇದು" ಎಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಮುಂದಿನ ಕೋಣೆಗೆ ಹೋದರು. ಸುಗುಣಾ ಕೇಳಿದವರಿಗೆಲ್ಲ ಇದು ಲಿಡಿಯಕ್ಕ ಮಾಡಿದ್ದು ಎಂದೇ ಹೇಳುತ್ತಿದ್ದಳಂತೆ. ಆದರೆ ಕೇಳಿದವರು, ಎಂಥ ದೊಡ್ಡ ಮನಸ್ಸು, ತಾನು ಮಾಡಿದ್ದನ್ನು ಬೇರೆಯವರ ಹೆಸರಿಗೆ ಹಚ್ಚುತ್ತಾಳೆ ಎಂದುಕೊಂಡರು. ಹೀಗಾಗಿ ನನ್ನ ರಟ್ಟಿನಿಂದ ಅವಳ ವಿನಯಕ್ಕೂ ಹೆಸರು ಬಂತು.

ಇನ್ನೊಂದು ಪ್ರಸಂಗ ನೀವು ಕೆಲಸದ ದೃಷ್ಟಿಯಿಂದಲೂ ತಿಳಿದಿರಬೇಕಾದದ್ದು. ಧನ್ವಾಡದಲ್ಲಿ ಬಸಣ್ಣ ಎಂಬ ಕಿರಾಣಿ ಅಂಗಡಿಯ ಸಾಹುಕಾರರಿದ್ದರು. ಹಣೆಯ ತುಂಬ ವಿಭೂತಿ, ತೂಕದ ಮಾತು. ಓದುವ ಚಾಳೀಸು ಬದಲಿಸಬೇಕೆಂದು ಬಂದರು, ಬದಲಿಸಿದೆ. ಸ್ವಲ್ಪ ದಿನಕ್ಕೆ ಮತ್ತೆ ಬಂದರು. ಮತ್ತೆ ನಂಬರು ಸರಿದಿತ್ತು. ಇಷ್ಟು ಬೇಗ ಯಾಕೆ ಸರಿಯಿತು ಎಂದು ಅನುಮಾನವಾಗಿ ಕೇಳಿದೆ, "ದೀಪ ನೋಡಿದ್ರ ಸುತ್ತ ಬಣ್ಣ ಏನರ ಕಾಣ್ತೈತೇನ್ರಿ?"

"ಹೌದ್ರಿ ತಾಯಿ, ಕಾಮನಬಿಲ್ಲಿನಂಗ ಉಂಗುರ ಕಾಣ್ತೈತಿ. ನಿಮಗ ಹೆಂಗ ಗೊತ್ತಾತು?"

ಮಲಗಿಸಿ ಒತ್ತಡ ನೋಡಿದೆ. ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು. ಒಳಗಿನಿಂದ ನರವನ್ನು ಸದ್ದಿಲ್ಲದೆ ತಿನ್ನುವ ರೋಗ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ತಡ ಮಾಡಿದರೆ ಕುರುಡು ಎಂದು ಅವರ ಮಗನಿಗೂ ಅವರಿಗೂ ಬಿಡಿಸಿ ಹೇಳಿದೆ. ಕರ್ನೂಲಿನ ದೊಡ್ಡ ದವಾಖಾನೆಗೆ ಚೀಟಿ ಬರೆದು ಕೊಟ್ಟೆ. ಹೊರಗೆ ನನ್ನ ಸಲುವಾಗಿ ಶಾಲೆಯ ಹುಡುಗರು ಕಾಯುತ್ತಿದ್ದರು. ಬಸಣ್ಣನವರನ್ನು ಕಳಿಸಿ ಹುಡುಗರನ್ನು ಒಳಗೆ ಕರೆದೆ.

ಬಸಣ್ಣನವರ ಮಗಳನ್ನು ಗದ್ವಾಲಕ್ಕೆ ಕೊಟ್ಟಿದ್ದರು. ಕರ್ನೂಲಿಗೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿದರು. ಅಲ್ಲಿ ಅಂಜಿಕೆ ಶುರುವಾಗಿ, ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದರು. ಮಗಳು ಹೋಗಿ ಸುಗುಣಾಳನ್ನು ಕರೆತಂದಳು. ಸುಗುಣಾ ರಜೆ ಹಾಕಿ ಅವರ ಜೊತೆ ಕರ್ನೂಲಿಗೆ ಹೋದಳು. ಅಲ್ಲಿ ಅವರ ಪಕ್ಕದಲ್ಲೇ ಕೂತಳು, ತಿರುಗಿ ಕರೆತಂದಳು. ಕಣ್ಣು ಉಳಿಯಿತು.

ಆಮೇಲೆ ಧನ್ವಾಡದಲ್ಲಿ ಯಾರನ್ನು ಕೇಳಿದರೂ ಬಸಣ್ಣನ ಕಣ್ಣು ಉಳಿಸಿದವಳು ಗದ್ವಾಲದ ಸುಗುಣಮ್ಮ. ನಮ್ಮ ಸಭೆಯಲ್ಲೂ ಪಾಸ್ಟರು ಪ್ರಸಂಗದಲ್ಲಿ ಅವಳ ಹೆಸರು ತೆಗೆದರು. "ಸರಕಾರಿ ನೌಕರಿ ಮಾಡಿಕೊಂಡೇ ಕ್ರಿಸ್ತನ ಪ್ರೀತಿ ತೋರಿಸಿದ ನಮ್ಮ ಮಗಳು" ಎಂದರು. ನಾನು ಮುಂದಿನ ಬೆಂಚಿನಲ್ಲೇ ಕೂತಿದ್ದೆ. ಎಲ್ಲರೂ ಎದ್ದು ಹಾಡಿದಾಗ ನಾನೂ ಎದ್ದೆ, ಬಾಯಿಂದ ಹಾಡು ಬರಲಿಲ್ಲ. ಮನೆಯಲ್ಲಿ ನಮ್ಮವರಿಗೆ ಹೇಳಿದೆ, "ರೋಗ ಹಿಡದಾಕಿ ನಾನು. ಆಕಿ ಬಸ್ಸಿನಾಗ ಕುಂತು ಹೋಗಿ ಬಂದ್ಳು, ಅಷ್ಟ."

ನಮ್ಮವರು ಶಾಲೆಯ ಮಾಸ್ತರರು, ಮೆತ್ತಗಿನ ಮನುಷ್ಯ. "ನೀ ಹಿಡೀಲಿಲ್ಲಂದ್ರ ಅವ್ರು ಹೊರಡ್ತಿದ್ದಿಲ್ಲ. ಆಕಿ ಹೋಗ್ಲಿಲ್ಲಂದ್ರ ಅವ್ರು ಮುಟ್ತಿದ್ದಿಲ್ಲ" ಎಂದರು. ನ್ಯಾಯವಾದ ಮಾತು. ನನಗೆ ನ್ಯಾಯ ಬೇಕಾಗಿರಲಿಲ್ಲ. ಅವಳಿಗೆ ಸಿಕ್ಕದ್ದು ಬೇಕಾಗಿತ್ತು. ಹಾಗೆಂದು ಪ್ರಾರ್ಥನೆಯಲ್ಲೂ ಕೇಳಿದೆ. ಜನ ನನ್ನನ್ನು ಪ್ರೀತಿಸುವಂತೆ ಮಾಡು ಎಂದು ಮೊಣಕಾಲೂರಿ ಬೇಡಿದೆ.

ನಾರಾಯಣಪೇಟೆ ಬೇರೆ ಜಿಲ್ಲೆಯಾಗಿ ದವಾಖಾನೆ ದೊಡ್ಡದಾದ ಮೇಲೆ ಸುಗುಣಾಳಿಗೆ ಇಲ್ಲಿಗೇ ವರ್ಗವಾಯಿತು. ಒಂದೇ ಕೋಣೆ, ಎರಡು ಮೇಜು. ಮೊದಲ ವಾರ ಸಾಲು ಎರಡಾಗಿತ್ತು. ಮೂರನೇ ವಾರ ಅವಳ ಮೇಜಿನ ಮುಂದಿನ ಸಾಲು ವರಾಂಡ ದಾಟಿ ಬೇವಿನ ಮರದ ಬುಡ ಮುಟ್ಟುತ್ತಿತ್ತು; ನನ್ನ ಮುಂದೆ ಅವಸರದವರು ಮಾತ್ರ. ನಮ್ಮ ಕಣ್ಣಿನ ಡಾಕ್ಟರು ಭಾಸ್ಕರರಾಯರು, ತೆಲುಗಿನವರು, ಕೆಲಸದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಒರಟು. ಒಂದು ದಿನ ಬಾಗಿಲಲ್ಲಿ ನಿಂತು, "ಏಮಮ್ಮಾ ಲಿಡಿಯಾ, ನೀ ದಗ್ಗರ ಎವರೂ ರಾರೇಂಟಿ?" ಎಂದರು. ನಿನ್ನ ಹತ್ತಿರ ಯಾಕೆ ಯಾರೂ ಬರುವುದಿಲ್ಲ ಎಂದು, ಸಾಲಿನವರೆಲ್ಲ ಕೇಳುವಂತೆ.

ಅದೇ ಡಾಕ್ಟರು ನಮ್ಮಿಬ್ಬರಿಗೂ ಮೊದಲೇ ಹೇಳಿದ್ದರು: ಇದು ಸರಕಾರಿ ದವಾಖಾನೆ, ಇಲ್ಲಿ ನಿಮ್ಮ ಧರ್ಮದ ಮಾತು ಬೇಡ. ಸರಿಯಾದದ್ದೇ. ಕಣ್ಣು ಕಾಣದೆ ನಮ್ಮ ಕೈಗೆ ಸಿಕ್ಕವರ ಮುಂದೆ ನಮ್ಮ ನಂಬಿಕೆಯನ್ನು ಇಡುವುದು ಯೋಗ್ಯವಲ್ಲ. ಸುಗುಣಾ ಒಂದು ದಿನವೂ ಆ ಮಾತು ಆಡಿದವಳಲ್ಲ. ಆದರೂ ನರಸಪ್ಪ ಎಂಬ ಮುದಿ ನೇಕಾರ ಅವಳನ್ನೇ ಕೇಳಿದ, "ನೀವು ಏಸುನ ಮಂದಿ ಅಂತ ಹಿಂಗ ಪ್ರೀತಿ ಮಾಡ್ತೀರೇನ್ರಿ?"

ಅವಳು ನಕ್ಕಳು. "ನೀವು ಸೀರಿ ಚಂದ ನೇಯ್ತೀರಲ್ಲ ನರಸಪ್ಪಣ್ಣಾ, ಯಾಕ?"

"ಕೆಟ್ಟ ನೇದ್ರ ಮನಸ್ಸಿಗೆ ಒಗ್ಗಂಗಿಲ್ಲ."

"ನಂದೂ ಹಂಗ."

ನನ್ನನ್ನು ಯಾರೂ ಆ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಹೇಳಬೇಕೆಂದು ನಾನು ಎಷ್ಟೋ ಒಳ್ಳೆಯ ಉತ್ತರಗಳನ್ನು ಯೋಚಿಸಿಟ್ಟುಕೊಂಡಿದ್ದೆ.

ನಂಬರು ತೆಗೆಯುವ ಯಂತ್ರ ಬಂದದ್ದು ಆಗಲೇ. ಗದ್ದ ಇಟ್ಟು ಒಳಗೆ ನೋಡಿದರೆ ಸಾಕು, ನಂಬರು ಮುದ್ರಿಸಿ ಕೊಡುತ್ತದೆ. ಜೀವಮಾನವಿಡೀ ಕೈದೀಪ ಹಿಡಿದು ಗಳಿಸಿದ್ದನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಮಾಡಿತು. ಆ ಯಂತ್ರದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ. ಆದರೆ ನೆನಪಿಡಿ, ಯಂತ್ರ ಹೇಳುವುದು ಶುರುವಿನ ನಂಬರು. ಆಮೇಲೆ ಗಾಜು ಹಾಕಿ, ಇದು ಚಲೋ ಕಾಣುತ್ತದೋ ಅದೋ ಎಂದು ರೋಗಿಯನ್ನೇ ಕೇಳಬೇಕು. ಅವರು ನಿಜ ಹೇಳಿದರೆ ಮಾತ್ರ ಚಾಳೀಸು ಸರಿಯಾಗುತ್ತದೆ.

ಇಲ್ಲಿ ನಾನು ಒಂದು ಸಂಗತಿ ಕಂಡೆ. ಗದ್ವಾಲದಾಚೆಯ ಐಜದ ಕಡೆಯ ಒಬ್ಬ ಹೆಂಗಸು, ಸುಗುಣಾಳ ಸಾಲು ಉದ್ದವಾಗಿದೆ ಎಂದು ನನ್ನ ಹತ್ತಿರ ಬಂದಳು. ಪ್ರತಿ ಗಾಜಿಗೂ "ಕಾಣ್ತೈತ್ರಿ, ಚಲೋ ಕಾಣ್ತೈತ್ರಿ" ಎಂದಳು. ನಂಬರು ಬರೆದು ಕೊಟ್ಟೆ. ಅವಳು ಎದ್ದು ಹೋಗಿ ಸುಗುಣಾಳ ಸಾಲಿನ ಕೊನೆಗೆ ನಿಂತಳು. ಅವಳ ಸರದಿ ಬಂದಾಗ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಆ ಅಮ್ಮಾರ ಮುಂದ ಅಂಜಿಕಿ ಆತ್ರಿ. ಸಿಟ್ಟಿಗೇಳ್ತಾರೇನೋ ಅಂತ ಕಾಣ್ತೈತಿ ಅಂದೆ. ಖರೇ ಅಂದ್ರ ಕಾಣಂಗಿಲ್ಲ."

ನಾನು ಆ ಹೆಂಗಸಿಗೆ ಗದರಿರಲಿಲ್ಲ. ನನ್ನ ಮುಖವೇ ಹಾಗೆ, ಅವಸರದ್ದು. ಇಷ್ಟು ವರ್ಷ ಸುಗುಣಾಳ ಮಾತುಗಾರಿಕೆಯನ್ನು ನಾನು ಕೆಲಸಗಳ್ಳತನ ಎಂದುಕೊಂಡಿದ್ದೆ. ಅದೂ ಒಂದು ಉಪಕರಣ, ನನ್ನ ಪೆಟ್ಟಿಗೆಯಲ್ಲಿ ಇಲ್ಲದ್ದು. ಇದು ತಿಳಿದ ಮೇಲೆ ಹೊಟ್ಟೆಕಿಚ್ಚು ಇಳಿಯಬೇಕಿತ್ತು. ಹೆಚ್ಚಾಯಿತು. ಅವಳು ಸುಮ್ಮನೆ ಅದೃಷ್ಟದಿಂದ ಹೆಸರು ಪಡೆದವಳು ಎಂದು ಹೇಳಿಕೊಳ್ಳುವ ದಾರಿಯೂ ಮುಚ್ಚಿಹೋಯಿತಲ್ಲ!

ಒಂದು ಬೆಳಿಗ್ಗೆ ಅವಳು ಒಬ್ಬ ಮುದುಕಿಯ ಕಣ್ಣಿಗೆ ಹನಿ ಹಾಕುತ್ತಿದ್ದಳು. ಹನಿ ಕೆನ್ನೆಗೆ ಬಿತ್ತು. ಮತ್ತೆ ಹಾಕಿದಳು, ಮೂಗಿಗೆ ಬಿತ್ತು. ನೋಡಿದೆ. ಬಲಗೈ ನಡುಗುತ್ತಿತ್ತು. ಆಗ ನನ್ನೊಳಗೆ ಎದ್ದದ್ದನ್ನು ಇದ್ದಂತೆ ಬರೆಯುತ್ತೇನೆ: ಖುಷಿ. ಕನಿಕರ ಆಮೇಲೆ ಬಂತು, ನಾಚಿಕೆ ಅದರ ಹಿಂದೆ ಬಂತು. ಮೊದಲು ಬಂದದ್ದು ಖುಷಿಯೇ.

ನಡುಕ ಹೆಚ್ಚಾಯಿತು. ಒಬ್ಬ ಶಾಲಾ ಮಾಸ್ತರರು ಅವಳು ಕೊಟ್ಟ ಚಾಳೀಸಿನಿಂದ ತಲೆ ಸುತ್ತುತ್ತದೆ ಎಂದು ತಿರುಗಿ ಬಂದರು. ನಾನು ನೋಡಿದೆ, ಗಾಜನ್ನು ಕೂಡಿಸುವ ಓರೆಯ ಅಳತೆ ತಪ್ಪಿತ್ತು. ಅದನ್ನು ಸರಿಪಡಿಸಿ ಅವರನ್ನು ಕಳಿಸಿದ ಮೇಲೆ ಅವಳು ಬಾಗಿಲು ಮುಂದೆ ಮಾಡಿ ನನ್ನ ಎದುರು ಕೂತಳು.

"ಲಿಡಿಯಕ್ಕಾ, ನನ್ನ ಕೈ ನಿಲ್ಲವಲ್ದು. ಕರ್ನೂಲಿನ ಡಾಕ್ಟ್ರು ನರದ ರೋಗ ಅಂದಾರ, ಹೋಗಂಗಿಲ್ಲಂತ. ಇನ್ನ ನಾ ಮಂದಿ ಕಣ್ಣು ಮುಟ್ಟಬಾರದು."

"ಯಾರಿಗೆ ಹೇಳಿದಿ?"

"ಮೊದಲ ನಿಮಗ ಹೇಳಾಕತ್ತೀನಿ. ಈಗ ಭಾಸ್ಕರರಾವ್ ಸಾರಿಗೆ ಹೇಳ್ತೀನಿ. ನೀವು ಜೊತಿಗೆ ಬರ್ರಿ, ಒಬ್ಬಾಕಿಗೇ ಧೈರ್ಯ ಇಲ್ಲ."

ಹೋದೆ. ಡಾಕ್ಟರು ಎಲ್ಲ ಕೇಳಿಸಿಕೊಂಡರು. ಆಮೇಲೆ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು. ಇವರನ್ನು ಹೊರಗಿನ ಚೀಟಿ ಬರೆಯುವ ಕೌಂಟರಿಗೆ ಹಾಕೋಣವೇ, ಕೋಣೆ ನೀವೊಬ್ಬರೇ ನೋಡಿಕೊಳ್ಳುತ್ತೀರಾ ಎಂದು ಕೇಳಿದರು.

ನಾನು ಬೇಡಿಕೊಂಡದ್ದು ಇದೇ. ಇಡೀ ಕೋಣೆ, ಇಡೀ ಸಾಲು. ಹೂಂ ಎಂದರೆ ಮುಗಿಯಿತು, ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಆ ಸಾಲಿನವರು ನನ್ನ ಮುಂದೆ ಕೂತು, "ಕಾಣ್ತೈತ್ರಿ, ಕಾಣ್ತೈತ್ರಿ" ಎಂದು ಹೇಳಿ ಎದ್ದು ಹೋಗುವುದು ಕಣ್ಣಿಗೆ ಕಟ್ಟಿತು. ತಪ್ಪು ನಂಬರಿನ ಚಾಳೀಸು ಹಾಕಿಕೊಂಡು ಅವರು ಮಗ್ಗದ ಮುಂದೆ ಕೂಡುವುದೂ ಕಂಡಿತು.

"ಬ್ಯಾಡ ಸಾರ್," ಎಂದೆ. "ಆಕಿನ್ನ ನನ್ನ ಮೇಜಿಗೇ ಹಾಕ್ರಿ. ಆಕಿ ಕೇಳ್ಲಿ, ನಾ ನೋಡ್ತೀನಿ."

ಸುಗುಣಾ ಅತ್ತಳು. ನಾನು ಅಳಲಿಲ್ಲ. ಇನ್ನು ನಿವೃತ್ತಿಯವರೆಗೂ ನನ್ನ ಕೆಲಸಕ್ಕೆ ಅವಳಿಗೆ ಹೊಗಳಿಕೆ ಎಂಬುದು ನನಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು.

ಹಾಗೇ ಆಯಿತು. ಅವಳು ಕೈಹಿಡಿದು ಕೂಡಿಸಿ ಮಾತನಾಡಿಸುವಳು. ನಾನು ಗಾಜು ಬದಲಿಸುವೆ. "ಇದು ಚಲೋನೋ, ಅದೋ? ಖರೇ ಹೇಳ್ರಿ, ತಪ್ಪಾದ್ರ ಬದಲಿ ಮಾಡೂಣು" ಎಂದು ಅವಳು ಕೇಳುವಳು. ಅವರು ನಿಜ ಹೇಳುವರು. ನನ್ನ ನೌಕರಿಯಲ್ಲಿ ಅಷ್ಟು ಸರಿಯಾದ ಚಾಳೀಸುಗಳನ್ನು ನಾನು ಎಂದೂ ಕೊಟ್ಟಿರಲಿಲ್ಲ. ಎದ್ದು ಹೋಗುವಾಗ ಅವರು ಕೈ ಮುಗಿಯುತ್ತಿದ್ದದ್ದು ಅವಳಿಗೆ.

ನಿವೃತ್ತಿಯಾದ ಮೇಲೆ ಸಭೆಯ ಪಕ್ಕದ ಹಾಲಿನಲ್ಲಿ ಶನಿವಾರ ಕಣ್ಣು ನೋಡಲು ಶುರು ಮಾಡಿದೆವು. ಯಾವ ಜಾತಿ, ಯಾವ ಊರು ಎಂದಿಲ್ಲ, ಬಂದವರಿಗೆಲ್ಲ. ಸ್ವಲ್ಪ ಕಾಲದ ನಂತರ ಸುಗುಣಾ ಬರುವುದು ಬಿಟ್ಟಳು. ಚಹಾದ ಕಪ್ಪು ತುಳುಕುತ್ತದೆ, ಮಂದಿಯ ಮುಂದೆ ನಾಚಿಕೆಯಾಗುತ್ತದೆ ಎಂದಳು. ನಾನು ಬಲವಂತ ಮಾಡಲಿಲ್ಲ. ಒಳಗೊಳಗೆ, ಈಗಲಾದರೂ, ಎಂದುಕೊಂಡೆ.

ಒಂದು ಶನಿವಾರ ಧನ್ವಾಡದ ಕಡೆಯಿಂದ ಈರಮ್ಮ ಎಂಬ ಮುದುಕಿಯನ್ನು ಮಗ ಕರೆತಂದ. ಸಣ್ಣವಳಿದ್ದಾಗ ಕಲ್ಲು ಬಡಿದು ಒಂದು ಕಣ್ಣು ಹೋಗಿತ್ತು. ಇದ್ದ ಒಂದಕ್ಕೆ ಪೊರೆ ಬೆಳೆದು ಹಣ್ಣಾಗಿತ್ತು. ಇನ್ನೂ ಬಿಟ್ಟರೆ ಒಳಗೆ ಒತ್ತಡ ಏರಿ ಆ ಕಣ್ಣೂ ಹೋಗುತ್ತದೆ. ಆಪರೇಷನ್ ಆಗಲೇಬೇಕು ಎಂದೆ. ಮುದುಕಿ ಎದ್ದು ನಿಂತಳು.

"ಸುಗುಣಮ್ಮ ಇಲ್ಲೇನ್ರಿ?"

"ಆಕಿಗೆ ಆರಾಮಿಲ್ಲ. ನಾನೇ ನೋಡಾಕಿ. ಕುಂದರ್ರಿ ಅವ್ವಾ."

"ನನಗ ಇರೋದೊಂದ ಕಣ್ಣು. ಆಕಿ ಬಾ ಅಂದ್ರ ಬರ್ತೀನಿ. ಇಲ್ಲಂದ್ರ ಒಲ್ಲೆ." ಮಗ ಬೇಡಿಕೊಂಡ, ಬೈದ. ಮುದುಕಿ ಗೋಡೆ ಹಿಡಿದುಕೊಂಡು ಬಾಗಿಲ ಕಡೆ ನಡೆದಳು.

ಅವರನ್ನು ಅಲ್ಲೇ ಕೂಡಲು ಹೇಳಿ ನಾನು ಆಟೋ ಹಿಡಿದು ಸುಗುಣಾಳ ಮನೆಗೆ ಹೋದೆ. ಸಿಟ್ಟಿನಲ್ಲೇ ಹೋದೆ. ಅವಳು ಹಿತ್ತಿಲಲ್ಲಿ ಕೂತು ಬಟಾಣಿ ಸುಲಿಯಲು ಹೆಣಗುತ್ತಿದ್ದಳು.

"ಏಳು. ಹಾಲಿಗೆ ಬಾ."

"ನನ್ನ ಕೈಲೆ ಏನಾಗ್ತೈತಿ ಅಕ್ಕಾ?"

"ನಿನ್ನ ಕೈ ಯಾರಿಗೆ ಬೇಕಾಗೈತಿ? ಒಂದ ಕಣ್ಣಿನ ಮುದುಕಿ ಬಂದು ಕುಂತಾಳ, ನನ್ನ ನಂಬವಲ್ಲಳು. ನೀ ಬಂದು ಸುಮ್ಮ ಕುಂದ್ರು."

ಚಪ್ಪಲಿ ಮೆಟ್ಟಲು ಅವಳಿಗೆ ಆಗುತ್ತಿರಲಿಲ್ಲ. ಬಗ್ಗಿ ಹಾಕಿದೆ.

ಹಾಲಿನಲ್ಲಿ ಸುಗುಣಾ ಈರಮ್ಮನ ಪಕ್ಕ ಕೂತು ಕೈ ಹಿಡಿದಳು. ಮುದುಕಿ ಆ ಕೈಯನ್ನು ತಡವಿ ನೋಡಿದಳು. "ಯಾಕ ತಂಗಿ, ನಿನ್ನ ಕೈ ನಡಗಾಕತ್ತೈತಿ? ನಿನಗೂ ಅಂಜಿಕಿ ಐತೇನು?"

"ಹೂನ್ರೀ ಅವ್ವಾ, ನನಗೂ ಅಂಜಿಕಿ ಐತಿ" ಎಂದಳು ಸುಗುಣಾ. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. "ಹಂಗಾರ ಇಬ್ರೂ ಕೂಡೇ ಅಂಜೂಣು" ಎಂದು ಕೂತಳು. ಹನಿ ಹಾಕಿಸಿಕೊಂಡಳು. ಕೇಳಿದ್ದಕ್ಕೆಲ್ಲ ನಿಜ ಹೇಳಿದಳು. ಆಪರೇಷನ್ನಿಗೂ ಒಪ್ಪಿದಳು.

ಆಪರೇಷನ್ ಚೆನ್ನಾಗಿ ಆಯಿತು. ಗಾಯ ಮಾಯ್ದ ಮೇಲೆ ಚಾಳೀಸಿಗೆಂದು ಮಗನ ಜೊತೆ ಬಂದಳು. ಈ ಸಲ ಗೋಡೆ ಹಿಡಿಯದೆ ನೆಟ್ಟಗೆ ನಡೆದು ಬಂದು, ಸುಗುಣಾಳ ಮುಂದೆ ನಿಂತು, ಅವಳ ಮುಖವನ್ನು ಮೊದಲ ಸಲ ನೋಡಿದಳು. ಸೆರಗಿನಿಂದ ಒಂದು ಕುಪ್ಪಸದ ಕಣ ತೆಗೆದು ಅವಳ ಮಡಿಲಲ್ಲಿ ಇಟ್ಟಳು. ನಾನು ಗಾಜಿನ ಪೆಟ್ಟಿಗೆ ತೆರೆದು, ಒಂದೊಂದೇ ಗಾಜು ಹಾಕಿ ನಂಬರು ತೆಗೆದೆ. ಎಲ್ಲ ಮುಗಿದ ಮೇಲೆ ಮುದುಕಿ ನನ್ನನ್ನು ಮೇಲೆ ಕೆಳಗೆ ನೋಡಿದಳು. ನನ್ನ ನರೆತ ತಲೆ ನೋಡಿ ಕನಿಕರವಾಯಿತೋ ಏನೋ.

"ಈ ವಯಸ್ಸಿನಾಗೂ ಚಲೋ ದುಡಿತಾಳ," ಎಂದು ಸುಗುಣಾಳಿಗೆ ಹೇಳಿದಳು. "ಈಕಿ ನಿಮ್ಮ ಸಹಾಯಕ್ಕ ಇರಾಕೇನ್ರಿ?"

ಸುಗುಣಾಳ ಮುಖ ಕೆಂಪಾಯಿತು. "ಅಯ್ಯ, ಅಲ್ರೀ ಅವ್ವಾ, ಇವ್ರು..." ಎಂದು ಬಾಯಿ ತೆಗೆದಳು.

"ಹೌದ್ರಿ ಅವ್ವಾ," ಎಂದೆ ನಾನು. "ನಾ ಆಕಿ ಸಹಾಯಕ್ಕ ಇರಾಕಿ."

ಈರಮ್ಮ ನನ್ನ ತಲೆಯ ಮೇಲೂ ಕೈಯಿಟ್ಟು ಹರಸಿ ಹೋದಳು. ಆ ದಿನ ಸಂಜೆಯವರೆಗೂ ನಾನು ಸುಗುಣಾಳ ಜೊತೆ ಮಾತನಾಡಲಿಲ್ಲ.